ಸಣ್ಣ ಕನೆಕ್ಟರ್ ಯಾವುದು ತಗೊಳ್ಳೋದು? ಕ್ರಿಂಪ್ ಮಾಡೋದಾ, ಸೋಲ್ಡರ್ ಹಾಕೋದಾ?

ತೋಟದ_ಸರ್ಕ್ಯೂಟ್ (ತೀರ್ಥಹಳ್ಳಿ)
ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಡ್ರಿಪ್ ವಾಲ್ವ್‌ಗಳಿಗೆ ಒಂದು ಕಂಟ್ರೋಲರ್ ಪೆಟ್ಟಿಗೆ ಮಾಡಿದ್ದೇನೆ. ಒಳಗೆ ವೈಫೈ ಇರುವ ಪುಟ್ಟ ಕಂಪ್ಯೂಟರ್‌ನಂಥ ಇಎಸ್‌ಪಿ32 ಬೋರ್ಡ್, ನಾಲ್ಕು ರಿಲೇ (ಕರೆಂಟ್‌ನಿಂದ ಓಡುವ ಸ್ವಿಚ್) ಇರುವ ಮಾಡ್ಯೂಲ್, ಮಣ್ಣಿನ ತೇವ ನೋಡುವ ಸೆನ್ಸರ್‌ಗಳು, ಒಂದು ಪುಟ್ಟ ಡಿಸ್‌ಪ್ಲೇ. ಮೇಜಿನ ಮೇಲೆ ಎಲ್ಲ ಚೆನ್ನಾಗಿ ಓಡುತ್ತದೆ. ಪಂಪ್‌ಹೌಸ್ ಗೋಡೆಗೆ ಹಾಕಿದ ಮೇಲೆ ದಿನಕ್ಕೊಂದು ತಕರಾರು. ಒಂದು ದಿನ ಡಿಸ್‌ಪ್ಲೇ ಖಾಲಿ, ಇನ್ನೊಂದು ದಿನ ಸೆನ್ಸರ್ ಸೊನ್ನೆ ತೋರಿಸುತ್ತದೆ. ಎರಡು ರಿಲೇ ಒಟ್ಟಿಗೆ ಎಳೆದರೆ (ಆನ್ ಆದರೆ) ಬೋರ್ಡ್ ರೀಸೆಟ್ ಆಗುತ್ತದೆ. ಮುಚ್ಚಳ ತೆಗೆದು ವೈರ್‌ಗಳನ್ನು ಒಮ್ಮೆ ಒತ್ತಿದರೆ ಮತ್ತೆ ಸರಿ.

ಈಗ ಎಲ್ಲ ಕಡೆ ಜಂಪರ್ ವೈರ್, ಅಂದರೆ ತುದಿಯಲ್ಲಿ ಚುಚ್ಚುವ ಪಿನ್ ಇರುವ ಸಪೂರದ ವೈರ್ ಇದೆ. ಅಡಾಪ್ಟರ್‌ನಿಂದ ಪೆಟ್ಟಿಗೆವರೆಗೆ ಸುಮಾರು ಎರಡು ಮೀಟರ್, ಅದೂ ಅಷ್ಟೇ ಸಪೂರದ ವೈರ್. ಇದನ್ನೆಲ್ಲ ತೆಗೆದು ಸರಿಯಾದ ಕನೆಕ್ಟರ್ ಹಾಕಬೇಕು ಅಂತಿದ್ದೇನೆ. ಆನ್‌ಲೈನ್‌ನಲ್ಲಿ ನೋಡಿದರೆ ಎಕ್ಸ್‌ಎಚ್, ಪಿಎಚ್, ಎಸ್‌ಎಚ್, ಡ್ಯುಪಾಂಟ್, ರೆಲಿಮೇಟ್ ಅಂತ ನೂರೆಂಟು ಹೆಸರು. ಯಾವುದನ್ನು ತಗೊಳ್ಳಲಿ? ಕ್ರಿಂಪಿಂಗ್, ಅಂದರೆ ವೈರ್ ತುದಿಗೆ ಲೋಹದ ಟರ್ಮಿನಲ್ ಒತ್ತಿ ಕೂರಿಸುವುದಕ್ಕೆ, ಟೂಲ್ ಬೇಕೇ ಬೇಕಾ, ಅಥವಾ ನೋಸ್ ಪ್ಲೇಯರ್‌ನಲ್ಲಿ ಒತ್ತಿ ಸೋಲ್ಡರ್ ಹಾಕಿದರೆ ಸಾಕಾ?

ಲೂಸ್_ಕಾಂಟ್ಯಾಕ್ಟ್
ಜಂಪರ್ ವೈರ್ ಪಂಪ್‌ಹೌಸ್‌ನಲ್ಲಿ ಇಷ್ಟು ದಿನ ಬಾಳಿದ್ದೇ ದೊಡ್ಡದು. ಮೋಟಾರ್ ಅದುರುವ ಗೋಡೆ ಅದು. ಮೊದಲು ಅದನ್ನು ಕಿತ್ತು ಹಾಕಿ.

ಎಸ್‌ಪಿ_ರೋಡ್_ಸುತ್ತಾಟ (ಬೆಂಗಳೂರು)
ಅಂಗಡಿಗೆ ಹೋಗುವ ಮೊದಲು ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಕನೆಕ್ಟರ್ ಹೆಸರಿಗಿಂತ ಪಿಚ್ ಮುಖ್ಯ. ಪಿಚ್ ಅಂದರೆ ಒಂದು ಪಿನ್‌ನ ನಡುವಿನಿಂದ ಪಕ್ಕದ ಪಿನ್‌ನ ನಡುವಿಗೆ ಇರುವ ದೂರ.

ರೆಲಿಮೇಟ್: 2.54 ಮಿ.ಮೀ. ಮೊಲೆಕ್ಸ್ ಕಂಪನಿಯ ಕೆಕೆ ಮಾದರಿಯದು. ನಮ್ಮ ಅಂಗಡಿಗಳಲ್ಲಿ ಆರ್‌ಎಂಸಿ ಅಂತಲೂ ಕೇಳುತ್ತಾರೆ. ಹಿಂದೆ ಒಂದು ಪ್ಲಾಸ್ಟಿಕ್ ಗೋಡೆ ಇರುವುದರಿಂದ ಉಲ್ಟಾ ಹೋಗುವುದಿಲ್ಲ. ಸಾಲಾಗಿ ತೂತಿರುವ ಮಾಮೂಲಿ ಡಾಟ್ ಬೋರ್ಡ್‌ಗೆ ನೇರವಾಗಿ ಕೂರುತ್ತದೆ. ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ.

ಎಕ್ಸ್‌ಎಚ್: ಇದು 2.5 ಮಿ.ಮೀ., 2.54 ಅಲ್ಲ. ಎರಡು, ಮೂರು, ನಾಲ್ಕು ಪಿನ್ ಆದರೆ ಡಾಟ್ ಬೋರ್ಡ್ ತೂತಿಗೆ ಇಳಿಯುತ್ತದೆ. ಹತ್ತು ಪಿನ್ ಆದರೆ ಕೊನೆಯ ಪಿನ್ 0.36 ಮಿ.ಮೀ. ಆಚೀಚೆ ಆಗುತ್ತದೆ, ಬಗ್ಗಿಸಿ ತುರುಕಬೇಕಾಗುತ್ತದೆ.

ಪಿಎಚ್ 2.0 ಮಿ.ಮೀ., ಎಸ್‌ಎಚ್ 1.0 ಮಿ.ಮೀ. ಎಸ್‌ಎಚ್ ಕೈಯಲ್ಲಿ ಕ್ರಿಂಪ್ ಮಾಡುವ ಆಸೆ ಬಿಟ್ಟುಬಿಡಿ. ವೈರ್ ಸಮೇತ ರೆಡಿ ಸಿಗುತ್ತದೆ, ಅದನ್ನೇ ತಗೊಳ್ಳಿ.

ನಿಮ್ಮ ಪೆಟ್ಟಿಗೆಗೆ ರೆಲಿಮೇಟ್ ಅಥವಾ ಎಕ್ಸ್‌ಎಚ್. ಎರಡರಲ್ಲಿ ಒಂದನ್ನು ಹಿಡಿದು ಮುಂದೆ ಎಲ್ಲ ಪ್ರಾಜೆಕ್ಟ್‌ಗೂ ಅದನ್ನೇ ಬಳಸಿ. ಆಗ ಒಂದೇ ಟೂಲ್, ಒಂದೇ ಡಬ್ಬಿ ಟರ್ಮಿನಲ್ ಸಾಕು.

ಡ್ರೋನ್_ಹುಡುಗ (ಮೈಸೂರು)
ಇದಕ್ಕೆ ಒಂದು ಸೇರಿಸುತ್ತೇನೆ. 'ಜೆಎಸ್‌ಟಿ ಕನೆಕ್ಟರ್ ಕೊಡಿ' ಅಂತ ಮಾತ್ರ ಕೇಳಬೇಡಿ. ಅದು ಜಪಾನಿನ ಕಂಪನಿ, ಎಕ್ಸ್‌ಎಚ್, ಪಿಎಚ್, ಎಸ್‌ಎಚ್ ಸೇರಿ ಅವರ ಹತ್ತಿರ ಹತ್ತಾರು ಸೀರೀಸ್ ಇದೆ. ಆನ್‌ಲೈನ್‌ನಲ್ಲಿ 'ಜೆಎಸ್‌ಟಿ 1.25' ಅಂತ ಬರುವುದು ಬಹುಪಾಲು ಮೊಲೆಕ್ಸ್‌ನ ಪಿಕೋಬ್ಲೇಡ್ ನಕಲು. ಜೆಎಸ್‌ಟಿಯ ನಿಜವಾದ 1.25 ಅಂದರೆ ಜಿಎಚ್ ಸೀರೀಸ್, ಅದರಲ್ಲಿ ಲಾಕ್ ಇರುತ್ತದೆ. ಡ್ರೋನ್‌ನ ಪಿಕ್ಸ್‌ಹಾಕ್ ಫ್ಲೈಟ್ ಕಂಟ್ರೋಲರ್‌ಗಳಲ್ಲಿ ಇರುವುದು ಅದೇ. ಎರಡಕ್ಕೂ ಪಿಚ್ ಒಂದೇ, ಆದರೂ ಒಂದಕ್ಕೊಂದು ಕೂರುವುದಿಲ್ಲ.

ಪಿಚ್ ಅಳೆಯೋಕೆ ಪಕ್ಕಪಕ್ಕದ ಎರಡು ಪಿನ್ ಅಳೆಯಬೇಡಿ, ತಪ್ಪು ಬರುತ್ತದೆ. ಮೊದಲ ಪಿನ್‌ನಿಂದ ಕೊನೆಯ ಪಿನ್‌ವರೆಗೆ ಅಳೆದು, ಪಿನ್ ಲೆಕ್ಕದಲ್ಲಿ ಒಂದು ಕಳೆದು ಭಾಗಿಸಿ. ಆರು ಪಿನ್ ಇದ್ದರೆ ಐದರಿಂದ. 12.5 ಬಂದರೆ ಎಕ್ಸ್‌ಎಚ್, 12.7 ಬಂದರೆ ರೆಲಿಮೇಟ್ ಅಥವಾ ಬರ್ಗ್ (ಡ್ಯುಪಾಂಟ್).

ಸರ್ವಿಸ್_ಶೆಟ್ರು (ಉಡುಪಿ)
ಟಿವಿಯಲ್ಲಿ ಪಿಕ್ಚರ್ ಟ್ಯೂಬ್ ಇದ್ದ ಕಾಲದಿಂದ ರಿಪೇರಿ ಮಾಡ್ತಾ ಬಂದವನು ನಾನು. ಹೇಳಿಬಿಡುತ್ತೇನೆ, ಇಷ್ಟೆಲ್ಲ ಕನೆಕ್ಟರ್ ಯಾಕೆ? ಬೋರ್ಡ್‌ಗೆ ನೇರವಾಗಿ ವೈರ್ ಸೋಲ್ಡರ್ ಮಾಡಿ, ಮೇಲೆ ಸ್ವಲ್ಪ ಹಾಟ್ ಗ್ಲೂ ಬಿಡಿ. ಕನೆಕ್ಟರ್ ಇದ್ದ ಕಡೆಯೇ ತಕರಾರು ಬರುವುದು. ಕರಾವಳಿಯ ಉಪ್ಪು ಗಾಳಿಗೆ ಪಿನ್ ಎಲ್ಲ ಕಪ್ಪಾಗುತ್ತದೆ. ಕನೆಕ್ಟರ್ ಹಾಕಲೇಬೇಕು ಅಂದರೆ ಟರ್ಮಿನಲ್ ಒತ್ತಿದ ಮೇಲೆ ಒಂದು ಚುಕ್ಕಿ ಸೋಲ್ಡರ್ ಹಾಕಿ. ಎಳೆದರೂ ಬರುವುದಿಲ್ಲ.

ಹಾರ್ನೆಸ್_ಅಕ್ಕ (ಹೊಸೂರು ರಸ್ತೆ)
ಶೆಟ್ರೇ, ನಿಮ್ಮ ಅನುಭವಕ್ಕೆ ಗೌರವ ಇಟ್ಟುಕೊಂಡೇ ಇದನ್ನು ಒಪ್ಪುವುದಿಲ್ಲ. ನನ್ನ ಕೆಲಸವೇ ವಾಹನಗಳ ವೈರಿಂಗ್ ಹಾರ್ನೆಸ್ (ಕನೆಕ್ಟರ್ ಸಮೇತ ವೈರ್‌ಗಳ ಕಟ್ಟು). ಕ್ರಿಂಪ್ ಮೇಲೆ ಸೋಲ್ಡರ್ ಹಾಕಿದರೆ ಅದು ಎಳೆಗಳ ನಡುವೆ ಹೀರಿಕೊಂಡು ಇನ್ಸುಲೇಷನ್ ಒಳಗೆ ಹೋಗುತ್ತದೆ. ಮೆತ್ತಗಿದ್ದ ವೈರ್ ಅಲ್ಲಿ ಕಡ್ಡಿಯಾಗುತ್ತದೆ. ಅದುರಾಟ ಇರುವ ಕಡೆ, ಕಡ್ಡಿ ಮುಗಿದು ಮೆತ್ತನೆ ವೈರ್ ಶುರುವಾಗುವ ಜಾಗದಲ್ಲೇ ತುಂಡಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಇನ್ಸುಲೇಷನ್ ಹಾಗೇ ಇರುತ್ತದೆ. ಮೊದಲೇ ಸೋಲ್ಡರ್ ಬಳಿದ ವೈರನ್ನು ಕ್ರಿಂಪ್ ಮಾಡಬಾರದು ಅಂತ ನಾಸಾದ ವೈರಿಂಗ್ ಮಾನಕದಲ್ಲೂ ಇದೆ. ಕಾರು, ಬೈಕ್, ವಿಮಾನ, ಎಲ್ಲ ಕಡೆ ಓಡುತ್ತಿರುವುದು ಬರೀ ಕ್ರಿಂಪ್.

ಒಳ್ಳೆ ಕ್ರಿಂಪ್ ಅಂದರೆ ಸುಮ್ನೆ ಹಿಡಿದುಕೊಂಡಿರುವುದಲ್ಲ. ಅದನ್ನು ಅಡ್ಡ ಕೊಯ್ದು ಪಾಲಿಶ್ ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ, ದುಂಡಗಿದ್ದ ಎಳೆಗಳು ಒಂದಕ್ಕೊಂದು ಒತ್ತಿ ಜೇನುಗೂಡಿನ ಕೋಣೆಗಳ ಹಾಗೆ ಮೂಲೆ ಮೂಲೆ ಆಗಿರುತ್ತವೆ. ನಡುವೆ ಗಾಳಿ ಹೋಗೋಕೆ ಜಾಗವೇ ಇರುವುದಿಲ್ಲ. ಗಾಳಿ ಇಲ್ಲದ ಕಡೆ ತುಕ್ಕು ಎಲ್ಲಿಂದ ಬರಬೇಕು? ಉಪ್ಪು ಗಾಳಿಗೂ ಕ್ರಿಂಪ್‌ನ ಒಳಭಾಗ ಜಗ್ಗುವುದಿಲ್ಲ. ಆದರೆ ನೋಸ್ ಪ್ಲೇಯರ್‌ನಲ್ಲಿ ಒತ್ತಿದರೆ ಇದು ಬರುವುದಿಲ್ಲ. ಆ ಕ್ರಿಂಪ್ ಸರಿ ಇಲ್ಲದ್ದಕ್ಕೇ ಜನ ಸೋಲ್ಡರ್ ಹಾಕುವುದು.

ಸರ್ವಿಸ್_ಶೆಟ್ರು
ಅಕ್ಕ, ಕಾರು ಬೇರೆ, ಗೋಡೆಗೆ ಹಾಕಿದ ಪೆಟ್ಟಿಗೆ ಬೇರೆ ಅಲ್ವಾ? ಎಲ್ಲರ ಮನೆಯಲ್ಲೂ ನಿಮ್ಮ ಕಂಪನಿಯ ಮೆಷಿನ್ ಇರುತ್ತದಾ? ಸೋಲ್ಡರಿಂಗ್ ಐರನ್ ಇರುತ್ತದೆ. ಇರುವುದರಲ್ಲಿ ಕೆಲಸ ಆಗಬೇಕಲ್ಲ.

ಹಾರ್ನೆಸ್_ಅಕ್ಕ
ಅದು ನ್ಯಾಯವಾದ ಮಾತು. ಟೂಲ್ ಇಲ್ಲದವರು ಕ್ರಿಂಪ್ ಮಾಡಿಕೊಟ್ಟ ವೈರನ್ನೇ ಕೊಳ್ಳಲಿ. ಒಂದು ಬದಿ ಎಕ್ಸ್‌ಎಚ್ ಕೂರಿಸಿ, ಇನ್ನೊಂದು ಬದಿ ಖಾಲಿ ಬಿಟ್ಟ ತುಂಡುಗಳು ಸಿಗುತ್ತವೆ. ಖಾಲಿ ಬದಿಗೆ ನಿಮ್ಮ ಉದ್ದದ ವೈರನ್ನು ಸೋಲ್ಡರ್ ಮಾಡಿ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಕ್ರಿಂಪ್ ಕಾರ್ಖಾನೆಯದು, ಸೋಲ್ಡರ್ ನಿಮ್ಮದು.

ಆದರೆ ಪಂಪ್‌ಹೌಸ್ ಗೋಡೆ ಸುಮ್ಮನಿರುವ ಗೋಡೆ ಅಲ್ಲ, ಶೆಟ್ರೇ.

ಎಸ್‌ಪಿ_ರೋಡ್_ಸುತ್ತಾಟ
ಟೂಲ್ ವಿಚಾರ. ಜೆಎಸ್‌ಟಿಯವರ ಅಸಲಿ ಹ್ಯಾಂಡ್ ಟೂಲ್ ಬೆಲೆ ಹತ್ತಾರು ಸಾವಿರ ರೂಪಾಯಿ, ನಮಗೆ ಆಗುವುದಲ್ಲ. ಹವ್ಯಾಸಕ್ಕೆ ಎಸ್‌ಎನ್-28ಬಿ ಅಥವಾ ಎಸ್‌ಎನ್-2549 ಅಂತ ಬರುವ ರ‍್ಯಾಚೆಟ್ ಟೂಲ್ ಸಾಕು. ರ‍್ಯಾಚೆಟ್ ಇದ್ದರೆ ಪೂರ್ತಿ ಒತ್ತುವವರೆಗೆ ಹಿಡಿ ಬಿಡುವುದಿಲ್ಲ, ಅದೇ ಅದರ ಲಾಭ. ಜಪಾನಿನ ಎಂಜಿನಿಯರ್ ಕಂಪನಿಯ ಪಿಎ-09 ಇನ್ನೊಂದು. ಅದಕ್ಕೆ ರ‍್ಯಾಚೆಟ್ ಇಲ್ಲ, 1.0ರಿಂದ 1.9 ಮಿ.ಮೀ.ವರೆಗೆ ನಾಲ್ಕು ಹಲ್ಲು. ಎಳೆ ಹಿಡಿಯುವ ರೆಕ್ಕೆಯನ್ನು ಮೊದಲು, ಇನ್ಸುಲೇಷನ್ ಹಿಡಿಯುವ ರೆಕ್ಕೆಯನ್ನು ಆಮೇಲೆ ಬೇರೆ ಬೇರೆ ಹಲ್ಲಿನಲ್ಲಿ ಒತ್ತಬೇಕು. ನಿಧಾನ, ಆದರೆ ಪಿಎಚ್‌ನಂಥ ಸಣ್ಣವಕ್ಕೂ ಬರುತ್ತದೆ.

ಹೊಸಬ_ಹಾಸನ
ಎರಡು ಜೊತೆ ರೆಕ್ಕೆ ಇರುತ್ತಾ? ನಾನು ಎಲ್ಲ ಒಟ್ಟಿಗೆ ಮಡಚುವುದು ಅಂದುಕೊಂಡಿದ್ದೆ. ಯಾರಾದರೂ ಒಂದು ಟರ್ಮಿನಲ್ ಹೇಗೆ ಒತ್ತುವುದು ಅಂತ ಬಿಡಿಸಿ ಹೇಳುತ್ತೀರಾ?

ಹಾರ್ನೆಸ್_ಅಕ್ಕ
ಹೇಳುತ್ತೇನೆ. ಟರ್ಮಿನಲ್ ಅನ್ನು ಬೆಳಕಿಗೆ ಹಿಡಿದು ನೋಡಿ. ಮುಂದೆ ಪಿನ್ ಹಿಡಿಯುವ ಪೆಟ್ಟಿಗೆ. ಅದರ ಹಿಂದೆ ಗಿಡ್ಡ ರೆಕ್ಕೆ ಒಂದು ಜೊತೆ, ಅದು ತಾಮ್ರದ ಎಳೆಗೆ. ತೀರ ಹಿಂದೆ ಎತ್ತರದ ರೆಕ್ಕೆ ಇನ್ನೊಂದು ಜೊತೆ, ಅದು ಇನ್ಸುಲೇಷನ್‌ಗೆ.

ವೈರ್ ತುದಿಯಲ್ಲಿ ಎರಡು, ಎರಡೂವರೆ ಮಿ.ಮೀ. ಮಾತ್ರ ಸಿಪ್ಪೆ ತೆಗೆಯಿರಿ. ಹೊಸಬರೆಲ್ಲ ಜಾಸ್ತಿ ತೆಗೆಯುತ್ತಾರೆ. ಹಲ್ಲಿನಲ್ಲಿ ಕಚ್ಚಿ ಎಳೆಯಬೇಡಿ, ಬ್ಲೇಡ್ ಬೇಡ, ಸ್ಟ್ರಿಪ್ಪರ್ ಬಳಸಿ. ಏಳು ಎಳೆಯ ವೈರ್‌ನಲ್ಲಿ ಎರಡು ತುಂಡಾದರೆ ನಿಮ್ಮ ವೈರ್ ಆಗಲೇ ಸಣ್ಣದಾಯಿತು. ಎಳೆಗಳನ್ನು ಬಿಗಿಯಾಗಿ ಹೊಸೆಯುವುದೂ ಬೇಡ, ಒಟ್ಟುಗೂಡಿಸಿದರೆ ಸಾಕು.

ಟರ್ಮಿನಲ್ ಅನ್ನು ಟೂಲ್ ಬಾಯಿಯಲ್ಲಿ ಇಟ್ಟು ರ‍್ಯಾಚೆಟ್ ಒಂದು ಕ್ಲಿಕ್ ಆಗುವಷ್ಟು ಹಿಡಿಯಿರಿ. ಅದು ಬೀಳದೆ ನಿಲ್ಲುತ್ತದೆ. ಈಗ ವೈರ್ ತೂರಿಸಿ. ಪಿನ್ ಹಿಡಿಯುವ ಪೆಟ್ಟಿಗೆ ಟೂಲ್‌ನ ಹೊರಗೆ ಇರಬೇಕು, ಒಳಗೆ ಸಿಕ್ಕಿದರೆ ಅದು ಚಪ್ಪಟೆಯಾಗಿ ಪಿನ್ ಹೋಗುವುದೇ ಇಲ್ಲ. ಪೂರ್ತಿ ಒತ್ತಿ ಬಿಡಿ.

ಈಗ ನೋಡಬೇಕಾದದ್ದು. ಗಿಡ್ಡ ರೆಕ್ಕೆಯ ಮುಂದೆ ಎಳೆಗಳ ತುದಿ ಅರ್ಧ ಮಿ.ಮೀ. ಇಣುಕಬೇಕು. ಎರಡು ಜೊತೆ ರೆಕ್ಕೆಯ ನಡುವಿನ ಕಿಂಡಿಯಲ್ಲಿ ಒಂದಿಷ್ಟು ತಾಮ್ರ, ಒಂದಿಷ್ಟು ಇನ್ಸುಲೇಷನ್ ಎರಡೂ ಕಾಣಬೇಕು. ಹಿಂದಿನ ರೆಕ್ಕೆ ಇನ್ಸುಲೇಷನ್ ಅನ್ನು ತಬ್ಬಿರಬೇಕು, ಚುಚ್ಚಿರಬಾರದು. ಕೊನೆಗೆ ವೈರ್ ಹಿಡಿದು ಎಳೆಯಿರಿ. ಬಿಗಿಯಾಗಿಯೇ ಎಳೆಯಿರಿ. ಬಂದರೆ ಟರ್ಮಿನಲ್ ಬಿಸಾಕಿ, ಮತ್ತೆ ಒತ್ತಲು ಹೋಗಬೇಡಿ.

ಹೊಸಬ_ಹಾಸನ
ತುಂಬಾ ಥ್ಯಾಂಕ್ಸ್ ಅಕ್ಕ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಓಮ್_ಲೆಕ್ಕ (ಧಾರವಾಡ)
ಎಲ್ಲರೂ ಕನೆಕ್ಟರ್ ಹಿಂದೆ ಬಿದ್ದಿದ್ದೀರಿ. ರಿಲೇ ಎಳೆದಾಗ ಬೋರ್ಡ್ ರೀಸೆಟ್ ಆಗುತ್ತದೆ ಅಂದರಲ್ಲ, ಅದಕ್ಕೆ ವೈರ್ ದಪ್ಪವೂ ಕಾರಣ. ಲೆಕ್ಕ ಹಾಕಿ ನೋಡೋಣ.

ಜಂಪರ್‌ನಷ್ಟು ಸಪೂರ ಅಂದರೆ 28 ಎಡಬ್ಲ್ಯೂಜಿ ಇಟ್ಟುಕೊಳ್ಳಿ. ಎಡಬ್ಲ್ಯೂಜಿ ಅಂದರೆ ವೈರ್ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ವೈರ್ ಸಪೂರ. ಮೀಟರ್‌ಗೆ 0.21 ಓಮ್. ಎರಡು ಮೀಟರ್ ದೂರ ಅಂದರೆ ಹೋಗಿ ಬರುವುದು ನಾಲ್ಕು ಮೀಟರ್, ಸುಮಾರು 0.85 ಓಮ್. 5 ವೋಲ್ಟ್ ರಿಲೇಯ ಕಾಯಿಲ್ 70 ಓಮ್, ಒಂದೊಂದಕ್ಕೆ 70 ಮಿಲಿಆಂಪ್. ಎರಡು ರಿಲೇ, ಜೊತೆಗೆ ಇಎಸ್‌ಪಿ32 ವೈಫೈ ಕಳಿಸುವಾಗಿನ ಎಳೆತ ಸೇರಿದರೆ ಅರ್ಧ ಆಂಪ್. 0.85 ಓಮ್‌ನಲ್ಲಿ 0.43 ವೋಲ್ಟ್ ದಾರಿಯಲ್ಲೇ ಹೋಯಿತು. ಬೋರ್ಡ್‌ಗೆ ಸಿಕ್ಕಿದ್ದು 4.57. ಬಹಳಷ್ಟು ಬೋರ್ಡ್‌ಗಳಲ್ಲಿ ಇರುವ, ವೋಲ್ಟೇಜ್ ಇಳಿಸುವ ಎಎಂಎಸ್1117 ರೆಗ್ಯುಲೇಟರ್‌ಗೆ ತನಗೇ 1.1 ವೋಲ್ಟ್ ಆಸುಪಾಸು ಬೇಕು. ಉಳಿದದ್ದು 3.47, ಇಎಸ್‌ಪಿ32ಗೆ ಬೇಕಾದದ್ದು 3.3. ಅಂಚಿನಲ್ಲಿ ನಿಂತಿದ್ದೀರಿ. ಅದರ ಮೇಲೆ ಎರಡು ಸಡಿಲ ಜಂಪರ್ ತಲಾ 0.2 ಓಮ್ ತಿಂದರೆ ಮುಗಿಯಿತು, ಬ್ರೌನ್‌ಔಟ್, ಅಂದರೆ ವೋಲ್ಟೇಜ್ ಸಾಲದೆ ಬೋರ್ಡ್ ರೀಸೆಟ್.

ಅದೇ ದೂರಕ್ಕೆ 22 ಎಡಬ್ಲ್ಯೂಜಿ ಹಾಕಿದರೆ 0.1 ವೋಲ್ಟ್ ಮಾತ್ರ ಬೀಳುತ್ತದೆ. ಎಕ್ಸ್‌ಎಚ್ ಟರ್ಮಿನಲ್ ಸರಿಯಾಗಿ ಒತ್ತಿದ್ದರೆ ಹೊಸದರಲ್ಲಿ 10 ಮಿಲಿಓಮ್ ಮೀರುವುದಿಲ್ಲ, ಅಂದರೆ ಲೆಕ್ಕಕ್ಕೇ ಬರುವುದಿಲ್ಲ.

ತೋಟದ_ಸರ್ಕ್ಯೂಟ್
ಇದು ಹೊಳೆದೇ ಇರಲಿಲ್ಲ ಸರ್. ಅಡಾಪ್ಟರ್ ಕೆಟ್ಟಿದೆ ಅಂತ ಹೊಸದು ತರುವ ಯೋಚನೆಯಲ್ಲಿದ್ದೆ. ಆದರೆ ಇಲ್ಲಿ ಅಂಗಡಿಯಲ್ಲಿ 22 ಎಡಬ್ಲ್ಯೂಜಿ ಅಂದರೆ ಗೊತ್ತಾಗುವುದಿಲ್ಲ. '7/36 ಬೇಕಾ, 14/36 ಬೇಕಾ' ಅಂತಾರೆ.

ಎಸ್‌ಪಿ_ರೋಡ್_ಸುತ್ತಾಟ
7/36 ಅಂದರೆ 36 ಎಸ್‌ಡಬ್ಲ್ಯೂಜಿಯ (ದಪ್ಪದ ಇನ್ನೊಂದು ಅಳತೆ) ಏಳು ಎಳೆ. ಲೆಕ್ಕ ಹಾಕಿದರೆ 0.2 ಚದರ ಮಿ.ಮೀ., ಅಂದರೆ ಸರಿಯಾಗಿ 24 ಎಡಬ್ಲ್ಯೂಜಿ. 7/38 ಅಂದರೆ 26 ಎಡಬ್ಲ್ಯೂಜಿ. 14/38 ಹೆಚ್ಚುಕಮ್ಮಿ 23. 14/36 ಅಂದರೆ 0.41 ಚದರ ಮಿ.ಮೀ., 21ರ ಹತ್ತಿರ.

ಎಕ್ಸ್‌ಎಚ್‌ಗೆ 22ಕ್ಕಿಂತ ದಪ್ಪ ಹೋಗುವುದಿಲ್ಲ, ಆದ್ದರಿಂದ 14/36 ಅದಕ್ಕೆ ದಪ್ಪವಾಯಿತು. ಸೆನ್ಸರ್‌ಗೆ 7/38 ಅಥವಾ 7/36, ಬೋರ್ಡ್‌ನಿಂದ ರಿಲೇಗೆ 14/38. ಅಡಾಪ್ಟರ್‌ನಿಂದ ಬರುವ ಉದ್ದದ ವೈರ್ 14/36 ಇರಲಿ, ಅದನ್ನು ಎಕ್ಸ್‌ಎಚ್‌ಗೆ ಹಾಕದೆ ಸ್ಕ್ರೂ ಟರ್ಮಿನಲ್‌ಗೆ ಕೊಡಿ.

ಇನ್ಸುಲೇಷನ್ ದಪ್ಪವನ್ನೂ ನೋಡಬೇಕು. ಎಕ್ಸ್‌ಎಚ್ ಟರ್ಮಿನಲ್ 1.9 ಮಿ.ಮೀ.ವರೆಗೆ ಹಿಡಿಯುತ್ತದೆ, ಪಿಎಚ್ 1.5ರವರೆಗೆ ಮಾತ್ರ. 22 ಗೇಜ್ ಸಿಲಿಕೋನ್ ವೈರ್ ಹೊರಗಿನಿಂದ 1.7 ಇರುತ್ತದೆ, ಪಿಎಚ್‌ಗೆ ತುರುಕಿದರೆ ಹೌಸಿಂಗ್ (ಕನೆಕ್ಟರ್‌ನ ಪ್ಲಾಸ್ಟಿಕ್ ಕವಚ) ಒಳಗೆ ಇಳಿಯುವುದೇ ಇಲ್ಲ.

ಮ್ಯಾಗ್ನೆಟ್_ಮಾಮ
ಅಗ್ಗದ ಜಂಪರ್ ವೈರ್‌ಗೆ ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಎಷ್ಟೋ ಸಲ ವೈರೇ ಅಂಟುತ್ತದೆ. ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಮ್ಯಾಗ್ನೆಟ್‌ಗೆ ಅಂಟದಿದ್ದರೆ ಬ್ಲೇಡಿನಿಂದ ಎಳೆ ಕೆರೆಯಿರಿ, ಬೆಳ್ಳಗೆ ಬಂದರೆ ಅಲ್ಯುಮಿನಿಯಂ ಇರಬಹುದು. ಅದು ಸೋಲ್ಡರ್‌ಗೂ ಸರಿಯಾಗಿ ಹತ್ತುವುದಿಲ್ಲ, ಕ್ರಿಂಪ್‌ಗೂ ಆಗುವುದಿಲ್ಲ.

ಡ್ರೋನ್_ಹುಡುಗ
ತವರ ಲೇಪಿಸಿದ ತಾಮ್ರವೂ ಹೊರಗೆ ಬೆಳ್ಳಗೇ ಇರುತ್ತದೆ ಮಾಮ. ಲೇಪ ಹೋಗುವಷ್ಟು ಕೆರೆದ ಮೇಲೂ ಬೆಳ್ಳಗಿದ್ದರೆ ಮಾತ್ರ ಅಲ್ಯುಮಿನಿಯಂ.

ಮ್ಯಾಗ್ನೆಟ್_ಮಾಮ
ಹೌದು, ಅದು ಸರಿ.

ಮ್ಯೂನಿಕ್_ಕನ್ನಡಿಗ
ಸ್ಕ್ರೂ ಟರ್ಮಿನಲ್ ಮಾತು ಬಂತಲ್ಲ, ಅದಕ್ಕೊಂದು ಎಚ್ಚರಿಕೆ. ಎಳೆ ವೈರ್ ತುದಿಗೆ ಸೋಲ್ಡರ್ ಬಳಿದು ಸ್ಕ್ರೂ ಬಿಗಿಯುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಅದನ್ನು ಬಿಡಿ. ಸೋಲ್ಡರ್ ಮೆತ್ತನೆ ಲೋಹ, ಒತ್ತಡದಲ್ಲಿ ನಿಧಾನವಾಗಿ ಹರಿದು ತೆಳುವಾಗುತ್ತದೆ. ತಿಂಗಳುಗಳ ಮೇಲೆ ಸ್ಕ್ರೂ ತಾನಾಗಿ ಸಡಿಲ ಆಗಿರುತ್ತದೆ, ಜಾಸ್ತಿ ಕರೆಂಟ್ ಇದ್ದರೆ ಬಿಸಿಯಾಗುತ್ತದೆ. ಇಲ್ಲಿ ಎಲ್ಲರೂ ತುದಿಗೆ ಫೆರೂಲ್ ಹಾಕುತ್ತಾರೆ. ಸಣ್ಣ ತಾಮ್ರದ ಕೊಳವೆ, ಮೇಲೆ ಬಣ್ಣದ ಪ್ಲಾಸ್ಟಿಕ್ ಕುತ್ತಿಗೆ. ನಮ್ಮ ಪ್ಯಾನೆಲ್ ಬೋರ್ಡ್ ಅಂಗಡಿಗಳಲ್ಲಿ ಪಿನ್ ಲಗ್ಸ್ ಅಂತ ಕೇಳಿದರೆ ಕೊಡುತ್ತಾರೆ.

ವೈರ್‌ಗೆ ವೈರ್ ಜೋಡಿಸಬೇಕಿದ್ದರೆ ವಾಗೋ 221 ಲಿವರ್ ಕನೆಕ್ಟರ್ ಬಹಳ ಒಳ್ಳೆಯದು. 0.2ರಿಂದ 4 ಚದರ ಮಿ.ಮೀ.ವರೆಗೆ ಹಿಡಿಯುತ್ತದೆ. ಲಿವರ್ ಎತ್ತಿ, ವೈರ್ ಹಾಕಿ, ಒತ್ತಿದರೆ ಆಯಿತು. ಟೂಲ್ ಬೇಡ, ಬೇಕೆಂದಾಗ ಬಿಚ್ಚಬಹುದು.

ಸರ್ವಿಸ್_ಶೆಟ್ರು
ಅದೊಂದು ಸಣ್ಣ ತುಂಡಿನ ಬೆಲೆಯಲ್ಲಿ ನಾನು ಒಂದು ಹಿಡಿ ಸ್ಲೀವ್ ತರುತ್ತೇನೆ. ವೈರ್‌ಗೆ ವೈರ್ ಜೋಡಿಸುವುದಕ್ಕೆ ಟೆಲಿಗ್ರಾಫ್ ಲೈನ್‌ಮನ್‌ಗಳ ಗಂಟೇ ಗಂಟು. ಎರಡು ತುದಿ ಅಡ್ಡ ಇಟ್ಟು, ಒಂದನ್ನು ಇನ್ನೊಂದರ ಮೇಲೆ ಬಿಗಿಯಾಗಿ ಸುತ್ತಿ, ಆಮೇಲೆ ಸೋಲ್ಡರ್. 63/37 ಸೋಲ್ಡರ್ ತಗೊಳ್ಳಿ, 183 ಡಿಗ್ರಿಗೆ ಒಂದೇ ಸಲ ಕರಗಿ ಒಂದೇ ಸಲ ಗಟ್ಟಿಯಾಗುತ್ತದೆ. ರೋಸಿನ್ ಫ್ಲಕ್ಸ್ ಮಾತ್ರ. ಪಾತ್ರೆ ಬೆಸುಗೆಯವರ ಆಸಿಡ್ ಹತ್ತಿರವೂ ತರಬೇಡಿ, ಆರು ತಿಂಗಳಲ್ಲಿ ವೈರ್ ಹಸಿರಾಗಿರುತ್ತದೆ. ಸ್ಲೀವ್ ಅನ್ನು ಸೋಲ್ಡರ್ ಮಾಡುವ ಮೊದಲೇ ವೈರ್‌ಗೆ ತೂರಿಸಿ ದೂರ ತಳ್ಳಿಡಿ, ಹತ್ತಿರ ಇದ್ದರೆ ಐರನ್ ಕಾವಿಗೇ ಕುಗ್ಗಿಬಿಡುತ್ತದೆ.

ಹಾರ್ನೆಸ್_ಅಕ್ಕ
ಇದಕ್ಕೆ ನನ್ನ ತಕರಾರೇ ಇಲ್ಲ. ಸೋಲ್ಡರ್ ಆದ ಜಾಗದಿಂದ ಆಚೆ ಒಂದು ಇಂಚಿನಲ್ಲಿ ವೈರನ್ನು ಕೇಬಲ್ ಟೈ ಹಾಕಿ ಗೋಡೆಗೆ ಕಟ್ಟಿಬಿಡಿ. ಅದುರಾಟ ಗಂಟಿಗೆ ತಲುಪುವುದಿಲ್ಲ.

ಸರ್ವಿಸ್_ಶೆಟ್ರು
ಒಪ್ಪಿದೆ ಅಕ್ಕ.

ಮೇಷ್ಟ್ರು_ಬಾಗಲಕೋಟೆ
ನಮ್ಮದು ಬೇರೆ ಪ್ರಶ್ನೆರೀ. ಶಾಲ್ಯಾಗ ಅಟಲ್ ಟಿಂಕರಿಂಗ್ ಲ್ಯಾಬ್ ಐತಿ. ಮಕ್ಕಳು ಜಂಪರ್ ವೈರ್ ಎಳದು ಎಳದು ಒಂದೂ ನೆಟ್ಟಗ ಉಳದಿಲ್ಲ. ಕ್ರಿಂಪಿಂಗ್ ಕಲಿಸಾಕ ಎಂಟನೆ ಕ್ಲಾಸಿಗೆ ಆಗಂಗಿಲ್ಲ. ಚುಚ್ಚಿದ್ರ ಕುಂದ್ರಬೇಕು, ಉಲ್ಟಾ ಹೋಗಬಾರದು. ಅಂಥಾದ್ದು ಏನರ ಐತೇನು?

ಡ್ರೋನ್_ಹುಡುಗ
ಇದೆ ಸರ್. ಎರಡು ದಾರಿ. ಒಂದು ಗ್ರೋವ್, ನಾಲ್ಕು ಪಿನ್, 2.0 ಮಿ.ಮೀ. ಪಿಚ್. ದೊಡ್ಡದಾಗಿರುವುದರಿಂದ ಮಕ್ಕಳ ಕೈಗೆ ಚೆನ್ನಾಗಿ ಸಿಗುತ್ತದೆ. ಇನ್ನೊಂದು ಕ್ವಿಕ್, ಅದಕ್ಕೇ ಸ್ಟೆಮ್ಮಾ ಕ್ಯೂಟಿ ಅಂತಲೂ ಹೆಸರು. ಅದು 1.0 ಮಿ.ಮೀ. ಎಸ್‌ಎಚ್ ಕನೆಕ್ಟರ್. ಕಪ್ಪು ಗ್ರೌಂಡ್, ಕೆಂಪು 3.3 ವೋಲ್ಟ್, ನೀಲಿ ಎಸ್‌ಡಿಎ (ಡೇಟಾ), ಹಳದಿ ಎಸ್‌ಸಿಎಲ್ (ಕ್ಲಾಕ್). ಒಂದು ಸೆನ್ಸರ್‌ನಿಂದ ಇನ್ನೊಂದಕ್ಕೆ ಸಾಲಾಗಿ ಜೋಡಿಸಬಹುದು. ಆದರೆ ಇದರಲ್ಲಿ ಐ2ಸಿ ಮಾಡ್ಯೂಲ್, ಅಂದರೆ ಆ ಎರಡು ವೈರ್‌ನಲ್ಲಿ ಡೇಟಾ ಕಳಿಸುವಂಥವು ಮಾತ್ರ ಓಡುತ್ತವೆ.

ಶಾಲೆಗೆ ನಾನು ಗ್ರೋವ್ ಹೇಳುತ್ತೇನೆ. ಎಸ್‌ಎಚ್ ಬಹಳ ಸಣ್ಣದು, ವೈರ್ ಹಿಡಿದು ಎಳೆದರೆ ಬೋರ್ಡ್ ಮೇಲಿನ ಸಾಕೆಟ್ಟೇ ಎದ್ದು ಬರುತ್ತದೆ. ಮಕ್ಕಳಿಗೆ ಹೌಸಿಂಗ್ ಹಿಡಿದು ಬಿಚ್ಚುವುದನ್ನು ಮೊದಲ ದಿನವೇ ಕಲಿಸಿ.

ಮೇಷ್ಟ್ರು_ಬಾಗಲಕೋಟೆ
ಭಾಳ ಚಲೋ ಆತು. ಈಗ ಇರೋ ಜಂಪರ್ ವೈರ್ ಏನ್ ಮಾಡ್ಲಿ?

ಲೂಸ್_ಕಾಂಟ್ಯಾಕ್ಟ್
ಬ್ರೆಡ್‌ಬೋರ್ಡ್‌ಗೆ (ಸೋಲ್ಡರ್ ಇಲ್ಲದೆ ವೈರ್ ಚುಚ್ಚುವ ಬೋರ್ಡ್) ಇಟ್ಟುಕೊಳ್ಳಿ ಸರ್. ಅದಕ್ಕೆ ಅವೇ ಸರಿ. ಮೂರ್ನಾಲ್ಕು ವೈರ್ ಒಟ್ಟಿಗೆ ಹೋಗುವ ಕಡೆ, ಒಂಟಿ ಹೌಸಿಂಗ್ ಬಿಚ್ಚಿ ನಾಲ್ಕು ಪಿನ್‌ನ ಒಂದೇ ಹೌಸಿಂಗ್‌ಗೆ ಹಾಕಿ. ಪ್ಲಾಸ್ಟಿಕ್ ನಾಲಗೆಯನ್ನು ಗುಂಡುಸೂಜಿಯಿಂದ ಎತ್ತಿದರೆ ಟರ್ಮಿನಲ್ ಜಾರಿ ಬರುತ್ತದೆ. ಒಟ್ಟಿಗೆ ಇದ್ದರೆ ಹಿಡಿತ ಜಾಸ್ತಿ.

ಹಳೇ_ಎಂಜಿನಿಯರ್
ಜಂಪರ್ ವೈರ್ ತುದಿಯ ಡ್ಯುಪಾಂಟ್ ಕನೆಕ್ಟರನ್ನು ಎಲ್ಲರೂ ಬೈಯುತ್ತಿದ್ದೀರಿ, ಅಸಲಿ ಮಾಲು ಹಾಗಿರಲಿಲ್ಲ. ಬರ್ಗ್ ಕಂಪನಿಯ ಮಿನಿ-ಪಿವಿ ಟರ್ಮಿನಲ್ ಅದು. 1972ರಲ್ಲಿ ಬರ್ಗ್ ಅನ್ನು ಡ್ಯುಪಾಂಟ್ ಕೊಂಡಿತು, ಆಮೇಲೆ ಎಫ್‌ಸಿಐ ಕೈಗೆ ಹೋಗಿ, 2016ರಲ್ಲಿ ಆಂಫಿನಾಲ್ ಪಾಲಾಯಿತು. ಅಸಲಿಯ ಒಳಗಿನ ಸ್ಪ್ರಿಂಗ್ ಬಹಳ ಗಟ್ಟಿ. ಈಗ ಸಿಗುವುದು ಬಹುತೇಕ ನಕಲು, ಕೆಲವು ಸಲ ಹಾಕಿ ತೆಗೆದರೆ ಬಾಯಿ ಅಗಲವಾಗುತ್ತದೆ. ಆದರೂ ಅದಕ್ಕೆ ಲಾಕ್ ಇಲ್ಲ, ಉಲ್ಟಾ ಹೋಗದ ಹಾಗೆ ತಡೆಯೂ ಇಲ್ಲ. ಆ ಕೊರತೆ ಅಸಲಿಗೂ ಇದ್ದೇ ಇದೆ.

ಹತ್ತು, ಹದಿನಾರು ವೈರ್ ಒಟ್ಟಿಗೆ ಒಯ್ಯುವುದಿದ್ದರೆ ಎಫ್‌ಆರ್‌ಸಿ ಕೇಬಲ್ ನೆನಪಿಡಿ. ಸಿಪ್ಪೆ ತೆಗೆಯುವುದೇ ಬೇಡ, ಚಪ್ಪಟೆ ಕೇಬಲ್ ಇಟ್ಟು ವೈಸ್‌ನಲ್ಲಿ ಸಮನಾಗಿ ಒತ್ತಿದರೆ ಎಲ್ಲ ಪಿನ್ ಒಂದೇ ಏಟಿಗೆ ಕೂರುತ್ತವೆ.

ಡ್ರೋನ್_ಹುಡುಗ
ಬ್ಯಾಟರಿ ಬಳಸುವವರಿಗೆ ಒಂದು ಮಾತು, ಇದು ಮುಖ್ಯ. ಸಣ್ಣ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಎರಡು ಪಿನ್ ಪಿಎಚ್ ಇರುತ್ತದೆ. ಅದು ಬೋರ್ಡ್‌ಗೆ ಒಂದೇ ದಿಕ್ಕಿನಲ್ಲಿ ಕೂರುತ್ತದೆ, ಆದರೆ ಕೆಂಪು ಯಾವ ಕಡೆ ಇರಬೇಕು ಅಂತ ಎಲ್ಲರೂ ಪಾಲಿಸುವ ನಿಯಮವೇ ಇಲ್ಲ. ಒಬ್ಬ ಮಾರಾಟಗಾರನ ಬ್ಯಾಟರಿ ಇನ್ನೊಬ್ಬರ ಬೋರ್ಡ್‌ಗೆ ಉಲ್ಟಾ ಆಗಬಹುದು. ಚುಚ್ಚುವ ಮೊದಲು ಮೀಟರ್‌ನಲ್ಲಿ ನೋಡಿ, ಬೋರ್ಡ್ ಮೇಲಿನ ಪ್ಲಸ್ ಗುರುತಿಗೆ ಹೋಲಿಸಿ. ಉಲ್ಟಾ ಇದ್ದರೆ ಟರ್ಮಿನಲ್ ಬಿಚ್ಚಿ ಅದಲುಬದಲು ಮಾಡಿ. ಒಂದು ಬಿಚ್ಚಿದ ತಕ್ಷಣ ಅದಕ್ಕೆ ಟೇಪ್ ಸುತ್ತಿ, ಆಮೇಲೆ ಇನ್ನೊಂದು ಬಿಚ್ಚಿ. ಎರಡೂ ಬರಿಮೈಯಲ್ಲಿ ತಾಗಿದರೆ ಬೆಂಕಿ.

ಮೋಟಾರ್_ಮಂಜು (ಚನ್ನರಾಯಪಟ್ಟಣ)
ಎಕ್ಸ್‌ಎಚ್‌ಗೆ 250 ವೋಲ್ಟ್, 3 ಆಂಪ್ ಅಂತ ಡೇಟಾಶೀಟ್‌ನಲ್ಲಿ ಇದೆ. ಹಾಗಾದರೆ ರಿಲೇಯಿಂದ ಪಂಪ್ ಸ್ಟಾರ್ಟರ್ ಕಾಯಿಲ್‌ಗೂ ಎಕ್ಸ್‌ಎಚ್‌ನಲ್ಲೇ ಕೊಡಬಹುದು ಅಲ್ವಾ? ಕಾಯಿಲ್ ಎಳೆಯುವುದು ಬಹಳ ಕಡಿಮೆ ಕರೆಂಟ್.

ಓಮ್_ಲೆಕ್ಕ
ಖಂಡಿತ ಬೇಡ. ತ್ರೀ ಫೇಸ್ ಸ್ಟಾರ್ಟರ್‌ಗಳಲ್ಲಿ ಕಾಯಿಲ್ 415 ವೋಲ್ಟ್‌ನದೇ ಇರುವುದು ಜಾಸ್ತಿ, 250 ಅಲ್ಲೇ ಮೀರಿತು.

ಮೋಟಾರ್_ಮಂಜು
ನನ್ನದು ಸಿಂಗಲ್ ಫೇಸ್, 230.

ಹಾರ್ನೆಸ್_ಅಕ್ಕ
ಆದರೂ ಬೇಡ ಮಂಜು. ಆ 250 ಸ್ವಚ್ಛವಾಗಿ, ಒಣಗಿ ಇರುವ ಜಾಗದ ಮಾತು. ಎರಡು ಪಿನ್ ನಡುವೆ ಇರುವುದು 2.5 ಮಿ.ಮೀ., ಅದರಲ್ಲಿ ಲೋಹ ಕಳೆದರೆ ಉಳಿಯುವ ಜಾಗ ಇನ್ನೂ ಕಡಿಮೆ. ಪಂಪ್‌ಹೌಸ್ ಧೂಳು, ಮಳೆಗಾಲದ ತೇವ ಎರಡೂ ಸೇರಿದರೆ ಪ್ಲಾಸ್ಟಿಕ್ ಮೇಲೆಯೇ ಕರೆಂಟ್ ಹರಿಯಲು ಶುರುವಾಗುತ್ತದೆ. ಅದೂ ಅಲ್ಲದೆ ಸೆನ್ಸರ್‌ಗೂ 230ಕ್ಕೂ ಒಂದೇ ಥರದ ಕನೆಕ್ಟರ್ ಇದ್ದರೆ, ಕತ್ತಲಲ್ಲಿ ಯಾರೋ ಒಂದು ದಿನ ಅದನ್ನು ಇದಕ್ಕೆ ಚುಚ್ಚುತ್ತಾರೆ. ಮೇನ್ಸ್‌ಗೆ ನಡುವೆ ಗೋಡೆ ಇರುವ ದೊಡ್ಡ ಸ್ಕ್ರೂ ಟರ್ಮಿನಲ್ ಪಟ್ಟಿ, ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ. ಸಣ್ಣ ವೋಲ್ಟೇಜ್‌ನ ವೈರ್ ಆ ಕಡೆ ಹಾಯಲೇಬಾರದು.

ಮೋಟಾರ್_ಮಂಜು
ಸರಿ ಅಕ್ಕ. ಬೇರೆ ಬೇರೆ ಪೆಟ್ಟಿಗೆಯನ್ನೇ ಮಾಡುತ್ತೇನೆ.

ತೋಟದ_ಸರ್ಕ್ಯೂಟ್
ನನ್ನ ವಾಲ್ವ್‌ಗಳು 24 ವೋಲ್ಟ್ ಎಸಿ, ಆದರೂ ಬೇರೆ ಬದಿಗೆ ಹಾಕುತ್ತೇನೆ. ಇನ್ನೊಂದು ತಲೆನೋವು ಉಳಿದಿದೆ. ಪೆಟ್ಟಿಗೆ ಒಳಗೆ ಇರುವೆ. ರಿಲೇ ಸುತ್ತ ಮಣ್ಣು ತಂದು ಗೂಡು ಕಟ್ಟುತ್ತವೆ. ಕನೆಕ್ಟರ್ ಒಳಗೂ ಹೋಗುತ್ತವೆ.

ಕೊಪ್ಪದ_ಕಾಫಿ
ಅಯ್ಯೋ, ನಮ್ಮಲ್ಲೂ ಅದೇ. ಬೋರ್ಡ್‌ನ ಬಿಸಿಗೆ ಬರುತ್ತವೆ. ಹಲ್ಲಿ ಬೇರೆ.

ಸರ್ವಿಸ್_ಶೆಟ್ರು
ವೈರ್ ಬರುವ ತೂತು ಬರಿದೇ ಬಿಟ್ಟಿದ್ದೀರಾ? ಕೇಬಲ್ ಸುತ್ತ ರಬ್ಬರ್‌ನಿಂದ ಬಿಗಿಯುವ ಕೇಬಲ್ ಗ್ಲ್ಯಾಂಡ್ ಹಾಕಿ. ಪಿಜಿ7 ಅಂತ ಕೇಳಿ, 3ರಿಂದ 6.5 ಮಿ.ಮೀ. ದಪ್ಪದ ಕೇಬಲ್ ಹಿಡಿಯುತ್ತದೆ. ಅದಕ್ಕಿಂತ ದಪ್ಪ ಇದ್ದರೆ ಪಿಜಿ9. ಸೆನ್ಸರ್‌ಗೆ ಬಿಡಿ ವೈರ್ ಬೇಡ, ಒಳಗೆ ಮೂರು ವೈರ್ ಇರುವ ದುಂಡಗಿನ ಕೇಬಲ್ ತಗೊಳ್ಳಿ. ಬಿಡಿ ವೈರ್ ಗೊಂಚಲು ಇದ್ದರೆ ಗ್ಲ್ಯಾಂಡ್ ರಬ್ಬರ್ ಪೂರ್ತಿ ಮುಚ್ಚುವುದಿಲ್ಲ, ಸಂದಿಯಲ್ಲಿ ಇರುವೆ ನುಗ್ಗುತ್ತದೆ.

ಗ್ಲ್ಯಾಂಡ್ ಎಲ್ಲ ಪೆಟ್ಟಿಗೆಯ ತಳಕ್ಕೆ ಇರಲಿ, ಮೇಲೆ ಬೇಡ. ಕೇಬಲ್ ಒಳಗೆ ಹೋಗುವ ಮೊದಲು ಒಂದು ಗೇಣು ಕೆಳಗೆ ಇಳಿದು ಮತ್ತೆ ಮೇಲೆ ಹತ್ತುವ ಹಾಗೆ ಬಾಗಿಸಿ. ಮಳೆ ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ.

ಕೊಪ್ಪದ_ಕಾಫಿ
ಗ್ಲ್ಯಾಂಡ್ ಹಾಕಿದರೆ ಕನೆಕ್ಟರ್ ಸಮೇತ ಕೇಬಲ್ ಹೊರಗೆ ಎಳೆಯಲು ಆಗುವುದಿಲ್ಲವಲ್ಲ? ಸೆನ್ಸರ್ ಬದಲಿಸುವಾಗ ಏನು ಮಾಡುವುದು?

ಎಸ್‌ಪಿ_ರೋಡ್_ಸುತ್ತಾಟ
ಮೂರು ಪಿನ್ ಎಕ್ಸ್‌ಎಚ್ ಹೌಸಿಂಗ್ ಪಿಜಿ7 ತೂತಿನಲ್ಲಿ ಹೋಗುವುದಿಲ್ಲ, ನಿಜ. ಟರ್ಮಿನಲ್ ಮಾತ್ರ ಒತ್ತಿ ಕೇಬಲ್ ತೂರಿಸಿ, ಒಳಗೆ ಬಂದ ಮೇಲೆ ಹೌಸಿಂಗ್‌ಗೆ ಚುಚ್ಚಿ. ಟಕ್ ಅಂತ ಕೂರುತ್ತದೆ. ಬದಲಿಸುವಾಗ ಹೌಸಿಂಗ್ ಕಿಂಡಿಯಲ್ಲಿ ಕಾಣುವ ಸಣ್ಣ ನಾಲಗೆಯನ್ನು ಸೂಜಿಯಿಂದ ಒತ್ತಿ ಟರ್ಮಿನಲ್ ಹಿಂದಕ್ಕೆ ಎಳೆಯಿರಿ. ಮತ್ತೆ ಹಾಕುವ ಮೊದಲು ಆ ನಾಲಗೆಯನ್ನು ಉಗುರಿನಲ್ಲಿ ಸ್ವಲ್ಪ ಎಬ್ಬಿಸಿ, ಇಲ್ಲದಿದ್ದರೆ ಲಾಕ್ ಆಗುವುದಿಲ್ಲ. ಯಾವ ಬಣ್ಣ ಯಾವ ಕಿಂಡಿ ಅಂತ ಬಿಚ್ಚುವ ಮೊದಲೇ ಫೋನ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ತೋಟದ_ಸರ್ಕ್ಯೂಟ್
ಎಲ್ಲ ಬರೆದುಕೊಂಡೆ. ಭಾನುವಾರ ಶಿವಮೊಗ್ಗಕ್ಕೆ ಹೋಗುತ್ತೇನೆ. 7/38, 14/38, ಎಕ್ಸ್‌ಎಚ್ ಮೂರು ಪಿನ್ ಮತ್ತು ನಾಲ್ಕು ಪಿನ್, ಪಿನ್ ಲಗ್ಸ್, ಪಿಜಿ7. ಟೂಲ್ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ.

ಹಾರ್ನೆಸ್_ಅಕ್ಕ
ಟರ್ಮಿನಲ್ ಬೇಕಾದ್ದಕ್ಕಿಂತ ಎರಡರಷ್ಟು ತಗೊಳ್ಳಿ. ಮೊದಲಿನ ಒಂದಿಷ್ಟು ಅಭ್ಯಾಸಕ್ಕೆ ಹೋಗುತ್ತವೆ.